ನಾರಾಯಣಮ್ಮನ ಕೆರೆ ಅಂಚು, ಚಂದನಳ ಪಾಸ್‌ವರ್ಡ್ ಪಟ್ಟಿ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಮಗ್ಗಗಳು ನಿಲ್ಲುತ್ತವೆ. ಮಗ್ಗಗಳು ನಿಂತರೆ ನಾರಾಯಣಮ್ಮನಿಗೆ ಕನಸು ಬೀಳುತ್ತದೆ. ಸುಳ್ಳಲ್ಲ. ಮೂವತ್ತು ವರ್ಷ ಆ ಸದ್ದಿನಲ್ಲೇ ಬಾಳಿದ ಜೀವ, ಮೌನ ಸಿಕ್ಕಿದ್ದೇ ತಡ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತದೆ. ಅರ್ಧ ಗಂಟೆ ಬಿಟ್ಟು ಎದ್ದು, ಒಂದು ಲೋಟ ನೀರು ಕುಡಿದು, ಕನಸಿನಲ್ಲಿ ಕಂಡ ಸೀರೆಯ ಅಂಚನ್ನು ನಿಧಾನವಾಗಿ ಹೇಳಲು ಶುರು ಮಾಡುತ್ತಾಳೆ. ಬಳ್ಳಿ, ಮೊಗ್ಗು, ನಾವ್ಯಾರೂ ನೋಡಿರದ ಒಂದು ಬಣ್ಣ.

ನಾನು ಅರುಣಾ, ಇಲ್ಲಿನ ನೇಕಾರ ಹೆಂಗಸರ ಸಂಘದ ಪ್ರತಿನಿಧಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾರೆ, ಇರಲಿ. ಸಂಘದಲ್ಲಿ ಒಂಬತ್ತು ಜನ, ಒಂದು ಕೋಣೆ, ವಿಂಡೋಸ್ ಬದಲು ಲಿನಕ್ಸ್ ಹಾಕಿದ ಒಂದು ಕಂಪ್ಯೂಟರು. ಪಕ್ಕದ ಮನೆಯ ಸೊಸೆ ಚಂದನ ಡಿಪ್ಲೊಮಾ ಓದಿದವಳು. ನಾರಾಯಣಮ್ಮ ಹೇಳಿದ ಕನಸನ್ನು ಅವಳು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಿಡಿಸುತ್ತಾಳೆ, ಅದು ಪೆನ್‌ಡ್ರೈವಿನಲ್ಲಿ ಮಗ್ಗಕ್ಕೆ ಹೋಗುತ್ತದೆ. ಯಾರ ಡಿಸೈನ್ ಯಾರು ತೆರೆದರು ಎಂದು ಗೊತ್ತಾಗಲಿ ಎಂದು ಚಂದನ ಒಂದು ಸ್ಕ್ರಿಪ್ಟ್ ಕೂಡ ಬರೆದಿದ್ದಳು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಹತ್ತಿಪ್ಪತ್ತು ಸಾಲಿನ ಅಪ್ಪಣೆ. ಅದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಸರಿಯಿದ್ದರೆ ಡಿಸೈನ್ ತೆರೆಯುತ್ತದೆ, ಯಾರು ಎಷ್ಟು ಹೊತ್ತಿಗೆ ತೆರೆದರು ಎಂದು ಬರೆದಿಡುತ್ತದೆ.

ಈ ಸಲದ ಕನಸು ಕೆರೆಯದು. ಬೆಳದಿಂಗಳಲ್ಲಿ ನಾಗರಕೆರೆಯ ನೀರಿನ ಮೇಲೆ ಬಿಳಿ ಹಕ್ಕಿಗಳು ಸಾಲಾಗಿ ನಡೆದು ಹೋಗುತ್ತವೆ, ಒಂದೊಂದರ ಹಿಂದೆಯೂ ಒಂದು ಸಣ್ಣ ಬೆಳ್ಳಿ ಗೆರೆ. ಅವಳು ಹೇಳುತ್ತಿದ್ದರೆ ಕೇಳುತ್ತ ಕೂತ ನಮಗೂ ಕಣ್ಣು ಎಳೆಯುತ್ತಿತ್ತು. ಬೆಂಗಳೂರಿನ ಸೀರೆ ಅಂಗಡಿಯವರು ಕಂಪ್ಯೂಟರಿನಲ್ಲೇ ನೋಡಿ ಒಪ್ಪಿದರು. ಶನಿವಾರದೊಳಗೆ ಅಂಚು ಮಗ್ಗಕ್ಕೇರಿದರೆ ಸೀರೆಯ ಚೀಟಿಯಲ್ಲಿ ‘ವಿನ್ಯಾಸ: ನಾರಾಯಣಮ್ಮ’ ಎಂದು ಹಾಕಿಸುತ್ತೇವೆ ಎಂದರು. ಅಷ್ಟು ವರ್ಷ ನೇಯ್ದವಳ ಹೆಸರು ಒಂದು ಸೀರೆಯ ಮೇಲೂ ಬಂದಿರಲಿಲ್ಲ.

ಗುರುವಾರ ಬೆಳಿಗ್ಗೆ ತೆರೆದರೆ ಹಕ್ಕಿಗಳೇ ಇಲ್ಲ. ಮೇಲಿನ ಅರ್ಧ ಕತ್ತರಿಸಿ ಹೋಗಿತ್ತು, ಉಳಿದದ್ದು ಬರೀ ಗೆರೆಗಳು. ಯಾರು ತೆರೆದಿದ್ದರು ಎಂದು ಚಂದನ ನೋಡಿದಳು. ಬುಧವಾರ ಮಧ್ಯಾಹ್ನ ಮೂರು ಗಂಟೆ, ನಾರಾಯಣಮ್ಮ ಎಂದು ಬರೆದಿತ್ತು.

ಆ ಹೊತ್ತಿನಲ್ಲಿ ನಾರಾಯಣಮ್ಮ ತಲೆನೋವೆಂದು ಮನೆಯಲ್ಲಿ ಮಲಗಿದ್ದಳು. ನಿದ್ದೆಗಣ್ಣಿನಲ್ಲಿ ಎದ್ದು ಬಂದು ಅಳಿಸಿರಬೇಕು ಎಂದು ಒಬ್ಬಿಬ್ಬರು ನಕ್ಕರು. ಅವಳು ನಗಲಿಲ್ಲ. ಮುಖ ಬಿಳುಚಿಕೊಂಡಿತ್ತು.

“ನಾನೇ ಇರ್ಬೇಕು ಕಣೆ ಅರುಣಾ. ಕನ್ಸಲ್ಲೇ ನಡ್ಕೊಂಡು ಬಂದು ಕೆಡಿಸ್ಬಿಟ್ಟಿದೀನಿ. ಇನ್ಮೇಲೆ ನಾನು ಡಿಸೈನ್ ಹೇಳಕ್ಕಿಲ್ಲ” ಎಂದಳು.

ಡಿಸೈನ್ ಹೋದರೆ ಹೋಗಲಿ, ಇವಳು ತನ್ನ ತಲೆಯನ್ನೇ ನಂಬದ ಹಾಗಾದರೆ ಏನು ಗತಿ? ಪೇಟೆಯ ಉಮ್ಮೆ ಹಬೀಬಾ ನನ್ನ ಜೊತೆ ಶಾಲೆ ಕಲಿತವಳು, ದೇವನಹಳ್ಳಿಯ ಹೋಟೆಲೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಸಂಜೆ ಬಸ್ಸಿಳಿದವಳನ್ನು ಮನೆಗೂ ಹೋಗಲು ಬಿಡದೆ ಸಂಘದ ಕೋಣೆಗೆ ಎಳೆತಂದೆ.

ಹಬೀಬಾ ಮೊದಲು ಒಂದು ಮಾತು ಕೇಳಿದಳು. ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಈ ಸ್ಕ್ರಿಪ್ಟಿಗೆ ಹೇಗೆ ಗೊತ್ತಾಗುತ್ತದೆ? ಒಂಬತ್ತು ಜನರದ್ದೂ ಒಂದು ಪಟ್ಟಿ ಮಾಡಿದ್ದೇನೆ, ಅದರ ಜೊತೆ ಹೋಲಿಸಿ ನೋಡುತ್ತದೆ ಎಂದಳು ಚಂದನ. ಪಟ್ಟಿ ಎಲ್ಲಿದೆ? ಡಿಸೈನ್‌ಗಳಿರುವ ಫೋಲ್ಡರಿನಲ್ಲೇ. ಹಬೀಬಾ ಹಣೆ ಹಿಡಿದುಕೊಂಡಳು. ಆ ಫೋಲ್ಡರು ಇಡಿಯಾಗಿ ಪೆನ್‌ಡ್ರೈವಿಗೆ ಹೋಗುತ್ತದೆ. ಅಂದಮೇಲೆ ಪಟ್ಟಿಯೂ ಬೀದಿಯ ಮಗ್ಗದ ಮನೆಗಳನ್ನೆಲ್ಲ ಸುತ್ತಿ ಬಂದಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಆ ಜಾತಿ ನಾವು.

ಕೊನೆಯ ಸಲ ಪೆನ್‌ಡ್ರೈವ್ ಒಯ್ದಿದ್ದವನು ಎದುರು ಮನೆಯಲ್ಲಿ ಮಗ್ಗ ನಡೆಸುವ ಚೌಡೇಶ್. ಕರೆಸಿದೆವು. ಅವನು ಏನೂ ಮುಚ್ಚಿಡಲಿಲ್ಲ. ಅಂಚು ಅವನ ಮಗ್ಗಕ್ಕೆ ಅಗಲವಾಯಿತಂತೆ. ಬುಧವಾರ ಕೋಣೆಗೆ ಬಂದು, ನಾರಾಯಣಮ್ಮನ ಹೆಸರಿನಲ್ಲಿ ತೆರೆದು, ಮೇಲಿನ ಭಾಗ ಕತ್ತರಿಸಿ ಅದೇ ಜಾಗದಲ್ಲಿ ಉಳಿಸಿದ್ದ. ಪೆನ್‌ಡ್ರೈವಿನಲ್ಲೂ ಹಳೆಯದರ ಮೇಲೆ ಅದನ್ನೇ ಹಾಕಿಕೊಂಡಿದ್ದ.

“ಪಾಸ್‌ವರ್ಡು ಪೆನ್‌ಡ್ರೈವಲ್ಲೇ ಇತ್ತಲ್ಲಕ್ಕಾ. ಮಗ್ಗದ ಪಕ್ಕ ಮೊಳೆಗೆ ಡಿಸೈನ್ ಬರೆದ ಗ್ರಾಫ್ ಹಾಳೆ ನೇತಾಕಿದ್ರೆ ನೇಯೋನು ನೋಡ್ಕೊಂಡು ನೇಯ್ತಾನೆ. ಇದೂ ಅಂಗೇ ಅಂದ್ಕೊಂಡೆ” ಎಂದ.

ಬೈಗುಳ ನಾಲಿಗೆಯವರೆಗೆ ಬಂದಿತ್ತು, ನುಂಗಿಕೊಂಡೆ. ಅವನು ಹೇಳಿದ್ದು ನಮ್ಮೆಲ್ಲರ ರೂಢಿ. ಮೊಳೆಯಲ್ಲಿರುವ ಗ್ರಾಫ್ ಯಾರ ಕೈಗೆ ಸಿಕ್ಕರೆ ಅವರದು. ಚಂದನಳೂ ಅದೇ ರೂಢಿಯಲ್ಲೇ ಪಟ್ಟಿಯನ್ನು ಡಿಸೈನ್ ಪಕ್ಕ ಇಟ್ಟಿದ್ದಳು.

ಸಂಘದಲ್ಲಿ ಎಲ್ಲರಿಗಿಂತ ಹಿರಿಯಳಾದ ದ್ಯಾವಮ್ಮ ಅಷ್ಟಕ್ಕೇ ಮಾತು ಮುಗಿಸಲು ನೋಡಿದಳು. “ಆ ಪಟ್ಟೀನ ಬೇರೆ ಕಡೆ ಬಚ್ಚಿಟ್ರೆ ಆಯ್ತಪ್ಪ. ಒಂದೇ ಬೀದಿ ಹೆಂಗಸ್ರು, ನಮ್ಗ್ಯಾಕವ್ವ ಇಷ್ಟೊಂದು ಬೀಗ?”

“ರೇಷನ್ ಅಂಗಡೀಲಿ ಹೆಬ್ಬೆಟ್ಟು ಒತ್ತುತೀರಲ್ಲಮ್ಮಾ, ಅಂಗಡಿಯವರು ನಿಮ್ಮ ಹೆಬ್ಬೆಟ್ಟಿನ ಪುಸ್ತಕ ಇಟ್ಕೊಂಡಿದಾರಾ?” ಎಂದು ಹಬೀಬಾ ಕೇಳಿದಳು. “ಇಲ್ಲ. ಮೆಷಿನ್ ಆಧಾರ್‌ನವರನ್ನ ಕೇಳುತ್ತೆ. ‘ಹೌದು’, ಇಲ್ಲಾಂದ್ರೆ ‘ಅಲ್ಲ’, ಅಷ್ಟೇ ಉತ್ತರ ಬರೋದು. ಪಟ್ಟಿ ಎಲ್ಲೇ ಬಚ್ಚಿಟ್ರೂ ಒಂದಿನ ಹೊರಗೆ ಬರುತ್ತೆ. ಇಲ್ಲದೇ ಇರೋ ಪಟ್ಟಿ ಎಲ್ಲಿಂದ ಬರುತ್ತೆ?”

ಹಬೀಬಾ ಬಿಡಿಸಿ ಹೇಳಿದಳು. ಬೆಳಿಗ್ಗೆ ಕಂಪ್ಯೂಟರಿಗೆ ಲಾಗಿನ್ ಆಗುವಾಗ ನಮ್ಮನ್ನು ಗುರುತಿಸುವ ವ್ಯವಸ್ಥೆ ಅದರೊಳಗೇ ಇದೆ, ಲಿನಕ್ಸಿನಲ್ಲಿ ಅದಕ್ಕೆ ಪ್ಯಾಮ್ ಎಂದು ಹೆಸರು. ಸ್ಕ್ರಿಪ್ಟು ಪಾಸ್‌ವರ್ಡನ್ನು ಅದಕ್ಕೆ ಒಪ್ಪಿಸಿ ಹೌದೋ ಅಲ್ಲವೋ ಎಂದು ಕೇಳಿದರೆ ಸಾಕು. ಹಾಗಾದರೆ ಕಂಪ್ಯೂಟರಿನ ಪಾಸ್‌ವರ್ಡ್ ಫೈಲನ್ನು ನಾನೇ ತೆರೆದು ನೋಡಲೇ ಎಂದಳು ಚಂದನ. ಬೇಡ, ಇಣುಕಬೇಡ, ಕೇಳು ಎಂದಳು ಹಬೀಬಾ. ಬೇರೆಯವರ ಪಾಸ್‌ವರ್ಡ್ ವಿಚಾರಿಸಲು ಕಂಪ್ಯೂಟರು ಎಲ್ಲರಿಗೂ ಅನುಮತಿ ಕೊಡುವುದಿಲ್ಲ, ಆದ್ದರಿಂದ ಕೇಳುವ ಆ ಸಣ್ಣ ಭಾಗಕ್ಕೆ ಮಾತ್ರ ಹೆಚ್ಚಿನ ಅಧಿಕಾರ ಇರಲಿ. ಒತ್ತುವ ಅಕ್ಷರ ಪರದೆಯ ಮೇಲೆ ಕಾಣಬಾರದು. ಪಾಸ್‌ವರ್ಡನ್ನು ಕಮಾಂಡಿನ, ಅಂದರೆ ಅಪ್ಪಣೆಯ, ಸಾಲಿನಲ್ಲಿ ಬರೆಯಬಾರದು, ಅದೇ ಹೊತ್ತಿಗೆ ಲಾಗಿನ್ ಆಗಿರುವ ಬೇರೆಯವರಿಗೂ ಅದು ಕಾಣುತ್ತದೆ. ಯಾರು ಬಂದರೆಂದು ಬರೆದಿಡುವ ಕಡೆಯೂ ಅದು ಬೀಳಬಾರದು. ಒಬ್ಬೊಬ್ಬರ ಫೋಲ್ಡರೂ ಅವರಿಗೆ ಮಾತ್ರ ತೆರೆಯಬೇಕು.

ಶುಕ್ರವಾರ ಬೆಳಿಗ್ಗೆ ಚಂದನ ಹಾಗೆಯೇ ತಿದ್ದಿದಳು. ಪಟ್ಟಿಯನ್ನು ಕಂಪ್ಯೂಟರಿನಿಂದಲೂ ಎಲ್ಲ ಪೆನ್‌ಡ್ರೈವುಗಳಿಂದಲೂ ಅಳಿಸಿದಳು. ಹಳೆಯ ಪಾಸ್‌ವರ್ಡುಗಳು ಬೀದಿ ಸುತ್ತಿದ್ದವಲ್ಲ, ಅದಕ್ಕೆ ಒಂಬತ್ತು ಜನರೂ ಹೊಸದು ಹಾಕಿದೆವು. ಒಬ್ಬಳು ಒತ್ತುವಾಗ ಉಳಿದವರು ಬಾಗಿಲ ಕಡೆ ತಿರುಗಿ ನಿಂತೆವು. ದ್ಯಾವಮ್ಮ ಕಾಲು ಗಂಟೆ ತೆಗೆದುಕೊಂಡಳು. ಏನಿಟ್ಟೆ ಎಂದು ಸುಮ್ಮನೆ ಕೆಣಕಿದೆ. “ನಿಂಗ್ಯಾಕೆ?” ಎಂದಳು.

ನಾರಾಯಣಮ್ಮ ಮಾತ್ರ ಕುರ್ಚಿಯ ಹತ್ತಿರ ಬಂದು ಹಿಂಜರಿದಳು. ನಿನ್ನ ನಿದ್ದೆ ಏನನ್ನೂ ಕೆಡಿಸಿಲ್ಲ ಅಕ್ಕಾ, ಕೆಡಿಸಿದ್ದು ಆ ಪಟ್ಟಿ ಎಂದು ಅವಳ ಭುಜ ಹಿಡಿದು ಹೇಳಿದೆ. ಅವಳು ಕುರ್ಚಿ ಎಳೆದುಕೊಂಡಳು. ಆಮೇಲೆ ಕೂತು, ಒಂದೇ ಬೆರಳಿನಲ್ಲಿ ತನ್ನ ಹೊಸ ಪಾಸ್‌ವರ್ಡ್ ಒತ್ತಿದಳು. ತೆರೆಯಿತು. ಕಣ್ಣು ಮುಚ್ಚಿ ಕೆರೆಯನ್ನು ಮತ್ತೆ ಮೊದಲಿನಿಂದ ಹೇಳಿದಳು. ಚಂದನ ಬಿಡಿಸುತ್ತ ಹೋದಳು. ಹಕ್ಕಿಗಳು ಒಂದೊಂದಾಗಿ ನೀರಿಗಿಳಿದವು, ಹೋದ ಸಲಕ್ಕಿಂತ ಎರಡು ಹೆಚ್ಚೇ.

ಮುಗಿದಾಗ ಪರದೆಯ ಮೇಲೆ ಶುಕ್ರವಾರ, ಹನ್ನೊಂದು ಗಂಟೆ, ನಾರಾಯಣಮ್ಮ ಎಂದು ಬಂತು. ತನ್ನ ಹೆಸರಿನ ಮೇಲೆ ಬೆರಳಿಟ್ಟು, “ಇದು ನಾನೇ” ಎಂದಳು. ಅವಳ ಕಣ್ಣು ತುಂಬಿತ್ತು, ನನ್ನದೂ. ಆ ಸಂಜೆಯೇ ಅಗಲ ಹಿಡಿಸುವ ಬೇರೆ ಮಗ್ಗಕ್ಕೆ ಅಂಚು ಏರಿತು, ಸೀರೆಯ ಚೀಟಿಯಲ್ಲಿ ಅವಳ ಹೆಸರು ಬರುವುದೂ ಖಾತ್ರಿಯಾಯಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸಂಘದಲ್ಲಿ, ಸೊಸೈಟಿಯಲ್ಲಿ ಯಾರೋ ಬರೆದ ಸ್ಕ್ರಿಪ್ಟ್ ನಿಮ್ಮ ಪಾಸ್‌ವರ್ಡ್ ಕೇಳಿದರೆ, ಒತ್ತುವ ಮೊದಲು ಬರೆದವರನ್ನು ಒಂದು ಮಾತು ಕೇಳಿ: ಇದನ್ನು ಎಲ್ಲಿ ಇಟ್ಟುಕೊಳ್ಳುತ್ತೀಯ? ಎಲ್ಲೂ ಇಟ್ಟುಕೊಳ್ಳುವುದಿಲ್ಲ, ಕಂಪ್ಯೂಟರಿನ ಲಾಗಿನ್ ವ್ಯವಸ್ಥೆಯನ್ನೇ ಕೇಳುತ್ತೇನೆ ಎಂಬ ಉತ್ತರ ಬರುವ ತನಕ ಬಿಡಬೇಡಿ. ಸ್ಕ್ರಿಪ್ಟ್ ಬರೆಯುವವರು ನೀವೇ ಆಗಿದ್ದರೆ, ಆ ಪಟ್ಟಿಯನ್ನು ಇವತ್ತೇ ಅಳಿಸಿ. ನಿಮ್ಮ ಹೆಸರಿನಲ್ಲಿ ಆಗುವ ಕೆಲಸ ನೀವೇ ಮಾಡಿದ್ದಾಗಿರಲಿ.