ಗ್ಯಾಸಿಗೆ ಕುಡಿಯೋದು ಮದ್ದಾ?

ಹೆತ್ತವರು ಅವನಿಗೆ ಬೈರಾಗಿ ಎಂದು ಹೆಸರಿಟ್ಟಿದ್ದರು. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಅನ್ನುತ್ತಾರಲ್ಲ, ಹಾಗೆ. ಸಮುದ್ರದ ದಂಡೆಯ ಉದ್ದಾನ ಸೀಮೆಯ ತೆಂಗಿನ ತೋಪುಗಳಲ್ಲಿ ಲಾರಿಗೆ ಕಾಯಿ ತುಂಬಿಸುವ ಮೇಸ್ತ್ರಿ ಅವನು. ಅವನು ತೋಪಿನಲ್ಲಿ ನಿಂತು ಕೂಲಿಯವರನ್ನು ಕೂಗಿದರೆ ಸಮುದ್ರದಲ್ಲಿ ಬಲೆ ಬೀಸುವವರು ತಲೆ ಎತ್ತಿ ನೋಡುತ್ತಾರೆ ಎಂದು ಊರವರು ಹೇಳುತ್ತಿದ್ದರು. ಮನೆಯಲ್ಲೂ ಅದೇ ಗಂಟಲು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ಹೆಂಡತಿ ಪುಣ್ಯವತಿ ಅದನ್ನು ಹೆಕ್ಕಿ, ತೊಳೆದು ತಂದು ಮತ್ತೆ ಬಡಿಸುತ್ತಿದ್ದಳು. ಅವನು ಉಂಡು ಎದ್ದ ಮೇಲೆ ಒಲೆಯ ಮುಂದೆ ಕೂತು ಉಳಿದದ್ದನ್ನು ತಾನು ಉಣ್ಣುತ್ತಿದ್ದಳು. ಕೈ ಮಾತ್ರ ಅವನು ಯಾವತ್ತೂ ಎತ್ತಿದವನಲ್ಲ. ಅವನ ತಾಯಿ ಬದುಕಿರುವವರೆಗೂ ಅದನ್ನೇ ದೊಡ್ಡ ಗುಣವೆಂಬಂತೆ ಊರೆಲ್ಲ ಹೇಳಿಕೊಂಡು ತಿರುಗಿದಳು. ಇರಲಿ, ಕೆಲವರಿಗೆ ಹೇಳಿಕೊಳ್ಳಲು ಅಷ್ಟೇ ಇರುತ್ತದೆ.

ಆಮೇಲೆ ಅವನ ಕಿಡ್ನಿ ಹೋಯಿತು. ಆ ಸೀಮೆಯಲ್ಲಿ ಅದೊಂದು ಸುದ್ದಿಯೇ ಅಲ್ಲ. ಪಕ್ಕದ ಮನೆಯ ದಾಲಯ್ಯನಿಗೆ ಮೊದಲೇ ಹೋಗಿತ್ತು. ಅಲ್ಲಿ ಯಾರೂ 'ಅಯ್ಯೋ, ಹೌದಾ' ಅನ್ನುವುದಿಲ್ಲ, 'ಬೆಡ್ ಸಿಕ್ತಾ' ಎಂದು ಕೇಳುತ್ತಾರೆ. ಸಿಕ್ಕಿತು. ವಾರಕ್ಕೆ ಮೂರು ದಿನ ಒಂದೇ ಆಟೋದಲ್ಲಿ ಬೈರಾಗಿಯೂ ದಾಲಯ್ಯನೂ ಪೇಟೆಯ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ಅಕ್ಕಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದರು. ಆ ದಿನಗಳಲ್ಲಿ ಪುಣ್ಯವತಿ ಗೇರುಬೀಜ ಸುಲಿಯುವ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಹೋಗುತ್ತಿದ್ದಳು. ನೀರು ಅಳೆದು ಕುಡಿಯಬೇಕು, ಉಪ್ಪು ತಗ್ಗಿಸಬೇಕು, ಎಳನೀರು ಮುಟ್ಟಲೇಬಾರದು ಎಂದರು ಡಾಕ್ಟರು. ತೆಂಗಿನ ಮರದ ಕೆಳಗೇ ಹುಟ್ಟಿ ಬೆಳೆದವನಿಗೆ ಎಳನೀರು ಮುಟ್ಟಬೇಡ ಎಂದರೆ! ಬೈರಾಗಿ ಡಾಕ್ಟರಿಗೆ ಬೈದ, ಮಿಷನ್ನಿಗೆ ಬೈದ, ಮನೆಗೆ ಬಂದು ಹೆಂಡತಿಗೆ ಎರಡರಷ್ಟು ಬೈದ.

ಹಾಗಿರುವಾಗ ಎದೆಯುರಿ ಶುರುವಾಯಿತು. ದಿನಾ ನುಂಗುವ ಹಿಡಿ ಮಾತ್ರೆ, ಅದರ ಮೇಲೆ ಬೇಡ ಬೇಡವೆಂದರೂ ಬಿಡದ ಒಣಮೀನಿನ ಹುಳಿ. ಉರಿಯದೆ ಇನ್ನೇನು? ಆ ಕಡೆ ಎದೆ ಉರಿದರೂ ಗ್ಯಾಸು, ಬೆನ್ನು ಹಿಡಿದರೂ ಗ್ಯಾಸು, ಸೊಸೆ ಎದುರು ಮಾತಾಡಿದರೆ ಅತ್ತೆಗೆ ಗ್ಯಾಸು. ಎಲ್ಲದಕ್ಕೂ ಔಷಧದ ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ ಟಾನಿಕ್ಕು. ಅದಕ್ಕೆ ಚೀಟಿ ಬೇಡ, ಡಾಕ್ಟರು ಬೇಡ. ಪುಣ್ಯವತಿ ಒಂದು ಬಾಟಲಿ ತಂದು ಎರಡು ಮುಚ್ಚಳ ಕುಡಿಸಿದಳು. ಉರಿ ಇಳಿಯಿತು. ಅಂದಿನಿಂದ ಹೊತ್ತು ಹೊತ್ತಿಗೂ ಅದು ನಡೆಯಿತು.

ಕೆಲವು ವಾರ ಕಳೆದ ಮೇಲೆ ಅವನ ದನಿ ತಗ್ಗಿತು. ಮೊದಲು ಅವಳಿಗೆ ಗಾಬರಿಯಾಯಿತು, ಯಾವ ಹೊಸ ಕೋಪದ ಪೀಠಿಕೆಯೋ ಎಂದು. ಆದರೆ ಅವನು ಸಪ್ಪೆ ಸಾರನ್ನು ಮಾತಿಲ್ಲದೆ ಉಂಡ. ಒಂದು ಸಂಜೆ ಗೋಡೆಗೆ ಒರಗಿ ಕೂತವನು ಕಣ್ಣು ಅರೆತೆರೆದು ಕೇಳಿದ:

"ಉಂಡ್ಯಾ, ಪುಣ್ಯಾ?"

ಅವಳು ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಮಗಳ ಮದುವೆಯಾಗಿ ಮೊಮ್ಮಗು ಬಂದರೂ ಆ ಮನುಷ್ಯ ಆ ಮಾತು ಕೇಳಿರಲಿಲ್ಲ.

"ಇನ್ನೂ ಇಲ್ಲ" ಎಂದಳು.

"ಹಾಕ್ಕೊಂಡು ಬಾ. ಇಲ್ಲೇ ಕೂತ್ಕೊ."

ಅಂದಿನಿಂದ ಅವಳು ಅವನ ಪಕ್ಕದಲ್ಲೇ ಕೂತು ಉಣ್ಣತೊಡಗಿದಳು. ಉಣ್ಣುತ್ತಾ ಮಾತಾಡಿದಳು. ಕಾರ್ಖಾನೆಯಲ್ಲಿ ಯಾರು ಯಾರೊಂದಿಗೆ ಜಗಳವಾಡಿದರು, ಗೇರುಸಿಪ್ಪೆಯ ಎಣ್ಣೆ ತಗುಲಿ ಬೆರಳು ಹೇಗೆ ಸುಡುತ್ತದೆ, ಮದುವೆಯಾದ ಹೊಸದರಲ್ಲಿ ಇವನ ಕೂಗಿಗೆ ಹೆದರಿ ಒಮ್ಮೆ ಬಾವಿಕಟ್ಟೆಯ ತನಕ ಹೋಗಿ ಬಂದದ್ದು, ಎಲ್ಲ ಹೇಳಿದಳು. ಅವನು ಹ್ಞೂಂ ಹ್ಞೂಂ ಅನ್ನುತ್ತಿದ್ದ. ಬಾವಿಯ ಮಾತು ಬಂದಾಗ ಅವಳ ಬೆರಳು ಹಿಡಿದುಕೊಂಡ. ಪುಣ್ಯವತಿಗೆ ಅಷ್ಟು ಸುಖ ಹಿಂದೆಂದೂ ಆಗಿರಲಿಲ್ಲ. ಯಾಕೆ ಸುಳ್ಳು ಹೇಳಬೇಕು, ಗಂಡನಿಗೆ ಕಾಯಿಲೆ ಬಂದದ್ದೇ ಒಳ್ಳೆಯದಾಯಿತು ಅಂತಲೂ ಒಮ್ಮೆ ಅನ್ನಿಸಿತು.

"ಅತ್ತಿಗೆ, ಆ ಮಿಷನ್ನು ರಕ್ತದ ಜೊತೆ ಕೋಪಾನೂ ಸೋಸ್ತಾ ಇದೆ" ಎಂದ ದಾಲಯ್ಯ, ಡಯಾಲಿಸಿಸ್ ಕೇಂದ್ರದಲ್ಲಿ ತನ್ನ ಹಾಸಿಗೆಯಿಂದ. "ತಾಳು, ನನ್ನ ಹೆಂಡ್ತೀನೂ ಒಂದಿನ ಕರ್ಕೊಂಡ್ಬಂದು ಮಲಗಿಸ್ತೀನಿ."

ಡಾಕ್ಟರು ಹೈಮಾವತಿ ಮಾತ್ರ ನಗಲಿಲ್ಲ. ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. ಬೈರಾಗಿಯ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಳು. ಕಾಲು ಅಲ್ಲಾಡಲಿಲ್ಲ.

"ಹೊರಗಿನ ಮದ್ದು ಏನಾದ್ರೂ ಕೊಡ್ತಿದೀರಾ? ನಾಟಿ ಔಷಧಿ, ಬೇರು, ಕಷಾಯ?"

"ಕೂರ್ಮನಾಥನ ಆಣೆ, ಏನೂ ಇಲ್ಲಮ್ಮಾ" ಎಂದಳು ಪುಣ್ಯವತಿ. ಅವಳು ಹೇಳಿದ್ದು ಸುಳ್ಳಲ್ಲ. ಟಾನಿಕ್ಕಿನ ನೆನಪೇ ಅವಳಿಗೆ ಬರಲಿಲ್ಲ.

ಡಾಕ್ಟರು ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದಳು. ಮುಂದಿನ ಸರದಿಯ ದಿನ, ಅದರ ಉತ್ತರ ಇನ್ನೂ ಬಂದಿರಲಿಲ್ಲ, ಅವಳಿಗೆ ಏನು ಅನುಮಾನ ಬಂತೋ, ವಾರ್ಡಿನ ಮಧ್ಯೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಯಾರ ಮನೇಲಾದ್ರೂ ಗುಲಾಬಿ ಬಣ್ಣದ ಗ್ಯಾಸ್ ಟಾನಿಕ್ ಇದ್ರೆ ಇವತ್ತೇ ಚೆಲ್ಲಿ."

"ಗ್ಯಾಸಿಗೆ ಕುಡಿಯೋದು ಮದ್ದಾ, ಡಾಕ್ಟ್ರಮ್ಮಾ?" ಎಂದ ದಾಲಯ್ಯ.

"ಮದ್ದಲ್ದೆ ಪಾನಕಾನಾ? ಅದ್ರಲ್ಲಿ ಮೆಗ್ನೀಸಿಯಂ ಇರುತ್ತೆ. ಬೇರೆಯವರಿಗೆ ಉಚ್ಚೇಲಿ ಹೋಗುತ್ತೆ. ನಿಮಗೆ ಎಲ್ಲಿಂದ ಹೋಗ್ಬೇಕು? ಮೈಯಲ್ಲೇ ಕೂರುತ್ತೆ. ಮೊದಲು ಮಂಪರು, ಮೈ ಸಡಿಲ, ಮಾತು ಮೆತ್ತಗೆ. ಸಾಧು ಆಗ್ಬಿಟ್ರು ಅಂತ ಮನೆಯವರು ಅಂದ್ಕೋತಾರೆ. ಆಮೇಲೆ ಉಸಿರು ನಿಲ್ಲುತ್ತೆ, ಎದೆ ನಿಲ್ಲುತ್ತೆ."

ಮಂಪರಿನಲ್ಲಿದ್ದ ಬೈರಾಗಿಗೆ ಇದೊಂದೂ ಕೇಳಿಸಲಿಲ್ಲ. ಪುಣ್ಯವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಗಲೇ ಎದ್ದು ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಸಂಜೆ ಮನೆಯಲ್ಲಿ ಬೈರಾಗಿ ಎದೆ ಉಜ್ಜಿಕೊಂಡು ಟಾನಿಕ್ ಕೇಳಿದ. ಅವಳು ಬಾಟಲಿ ಹಿಡಿದು ನಿಂತಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊಡದಿದ್ದರೆ ಹಳೆಯ ಗಂಡ ಬರುತ್ತಾನೆ. ಕೊಟ್ಟರೆ ಯಾವ ಗಂಡನೂ ಉಳಿಯದಿರಬಹುದು. ಅಷ್ಟರಲ್ಲಿ ಅವನು, "ಉಂಡ್ಯಾ, ಪುಣ್ಯಾ?" ಎಂದ.

ಅವಳು ಕೊಟ್ಟಳು. ಒಂದೇ ಮುಚ್ಚಳ, ಇವತ್ತೊಂದು ದಿನ, ನಾಳೆ ಹೇಗೂ ಚೆಲ್ಲುತ್ತೇನೆ ಎಂದುಕೊಂಡು ಕೊಟ್ಟಳು. ಅವಳ ಪರವಾಗಿ ಇದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ.

ಬೆಳಿಗ್ಗೆ ಅವನಿಗೆ ಲೋಟ ಎತ್ತಲಾಗಲಿಲ್ಲ. ಕುತ್ತಿಗೆ ನಿಲ್ಲುತ್ತಿರಲಿಲ್ಲ. ಒಂದು ಉಸಿರು ಬಿಟ್ಟವನು ಇನ್ನೊಂದನ್ನು ಎಳೆದುಕೊಳ್ಳುವುದನ್ನೇ ಮರೆತವನಂತೆ ಬಿದ್ದಿದ್ದ. ಪುಣ್ಯವತಿ ಅವನ ಮೂಗಿನ ಹತ್ತಿರ ಕೈ ಹಿಡಿದು ಕಾದಳು, ಕಾದಳು. ಆಮೇಲೆ ಅಂಗಳಕ್ಕೆ ಓಡಿ, ಹುಟ್ಟಿದಾಗಿನಿಂದ ಎತ್ತದ ದನಿ ಎತ್ತಿ ಆಟೋ ಆಟೋ ಎಂದು ಕೂಗಿದಳು. ಬೈರಾಗಿಯೇ ಎದ್ದು ಕೂಗಿದನೇನೋ ಅಂದ್ಕೊಂಡೆ ಎಂದು ದಾಲಯ್ಯ ಆಮೇಲೆ ಹೇಳಿದ.

ಡಾಕ್ಟರ ಮೇಜಿನ ಮೇಲೆ ಬಾಟಲಿ ಇಟ್ಟು ಪುಣ್ಯವತಿ ಅಂದಳು: "ನಿನ್ನೆ ಗೊತ್ತಾದ್ಮೇಲೂ ಕೊಟ್ಟೆ ಕಣಮ್ಮಾ."

ಹೈಮಾವತಿ ಅವಳ ಮುಖವನ್ನೊಮ್ಮೆ ನೋಡಿದಳು. "ಯಾಕೆ?"

"ಮೆತ್ತಗೆ ಮಾತಾಡ್ತಿದ್ರು."

ಡಾಕ್ಟರು ಒಳಗೆ ಓಡಿದಳು. ನರಕ್ಕೆ ಸೂಜಿ ಚುಚ್ಚಿದರು, ಸರದಿಯಿಲ್ಲದಿದ್ದರೂ ಮಿಷನ್ನಿಗೆ ಹಾಕಿದರು. ಬೈರಾಗಿ ಉಳಿದ. ಎದೆಯುರಿಗೆ ಬೇರೆ ಒಂದು ಸಣ್ಣ ಮಾತ್ರೆ ಬರೆದುಕೊಟ್ಟು ಡಾಕ್ಟರು ಹೇಳಿದಳು: "ಬೆಳಿಗ್ಗೆ ಊಟಕ್ಕೆ ಮುಂಚೆ. ಇದನ್ನೂ ನಾನು ಹೇಳೋ ತನಕ ಮಾತ್ರ. ಜನ್ಮಪೂರ್ತಿ ನುಂಗ್ತಾ ಕೂತ್ರೆ ಮೂಳೆಗೆ ಒಳ್ಳೇದಲ್ಲ ಅಂತಾರೆ. ಆ ಒಣಮೀನಿನ ಹುಳಿ ಮೊದಲು ಬಿಡಿಸಿ."

ಹುಟ್ಟುಗುಣ ಸುಟ್ಟರೂ ಹೋಗದು, ತೊಳೆದರೆ ಹೋದೀತೇ? ಮುಂದಿನ ವಾರ ಬೈರಾಗಿ ಸೂಜಿ ಚುಚ್ಚಿದ ನರ್ಸಿಗೆ, "ಇದೇನು ಕೈಯಾ, ಎಮ್ಮೆ ಕಟ್ಟೋ ಗೂಟಾನಾ?" ಎಂದು ಗರ್ಜಿಸಿದ. ವಾರ್ಡಿನಲ್ಲಿದ್ದವರೆಲ್ಲ ಖುಷಿಯಿಂದ ನಕ್ಕರು. ದಾಲಯ್ಯ ಚಪ್ಪಾಳೆ ಹೊಡೆದ. ಪುಣ್ಯವತಿಯೂ ನಕ್ಕಳು, ಗಂಡ ಉಳಿದನಲ್ಲ ಎಂದು.

ಅಂದು ಸಂಜೆ ಬಡಿಸಿದಳು. ಅವನು ಒಂದು ತುತ್ತು ಬಾಯಿಗಿಟ್ಟ.

"ಇದಕ್ಕೆ ಉಪ್ಪು ಹಾಕಿದೀಯೋ, ಬೂದಿ ಹಾಕಿದೀಯೋ?"

"ಡಾಕ್ಟ್ರು ಇಷ್ಟೇ ಅಂದಿದಾರೆ" ಎಂದಳು. ಆಮೇಲೆ ತಡೆಯಲಾರದೆ ಕೇಳಿದಳು: "ನೀವು ದಿನಾ ನನ್ನ ಉಂಡ್ಯಾ ಅಂತ ಕೇಳ್ತಿದ್ರಿ. ನೆನಪಿದೆಯಾ?"

"ನಾನಾ? ನಿನ್ನನ್ನಾ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಆ ಹಾಳು ಟಾನಿಕ್ಕಿನ ಮತ್ತಲ್ಲಿ ಏನೇನು ಒದರಿದೀನೋ. ಅದನ್ನ ಹಿಡ್ಕೊಂಡು ಕೂತಿದೀಯಾ? ಥೂ!"

ತಟ್ಟೆ ಅಂಗಳಕ್ಕೆ ಹಾರಿತು.

ಪುಣ್ಯವತಿ ಬಾಗಿಲಾಚೆ ಬಿದ್ದ ತಟ್ಟೆಯನ್ನು ನೋಡಿದಳು. ಉಂಡ್ಯಾ ಎಂದು ಕೇಳಿದವನು ಬಾಟಲಿಯ ಜೊತೆಗೇ ಹೋಗಿದ್ದ. ಅವನಿಗಾಗಿ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು ಹಲಗೆಯ ಮೇಲಿಂದ ತನ್ನ ತಟ್ಟೆ ತೆಗೆದಳು. ಇಷ್ಟು ದಿನ ಕೂರುತ್ತಿದ್ದ ಜಾಗದಲ್ಲೇ, ಅವನ ಪಕ್ಕದಲ್ಲಿ, ಕೂತು ಅನ್ನ ಹಾಕಿಕೊಂಡಳು.

"ಏಯ್! ನನಗೆ?"

"ನಾನಿನ್ನೂ ಉಂಡಿಲ್ಲ" ಎಂದಳು. "ಉಂಡ ಮೇಲೆ ಬಡಿಸ್ತೀನಿ. ಅಷ್ಟರಲ್ಲಿ ತಟ್ಟೆ ತೊಳ್ಕೊಂಡು ಬನ್ನಿ."

ಅವನು ಕೂಗಿದ. ಸಮುದ್ರಕ್ಕೆ ಕೇಳುವಂತೆಯೇ ಕೂಗಿದ. ಅವಳು ಅನ್ನ ಕಲಸಿದಳು. ಸಾರು ನಿಜಕ್ಕೂ ಸಪ್ಪಗಿತ್ತು. ಅವಳು ಇನ್ನೊಂದು ಸೌಟು ಹಾಕಿಕೊಂಡಳು.