ಬಸಿದು ಚೆಲ್ಲಿದ ಒಗರು

ಚಹಾದ ರುಚಿ ನೋಡುವುದು ನನ್ನ ಕಸುಬು. ಮೂವತ್ತೊಂದು ವರ್ಷದಿಂದ ದಿನಕ್ಕೆ ಇನ್ನೂರು ಬಟ್ಟಲು: ಚಮಚದಲ್ಲಿ ಸೊರ್ರೆಂದು ಹೀರು, ನಾಲಿಗೆಯ ಮೇಲೆ ಹೊರಳಿಸು, ಉಗುಳು. ಯಾವ ಸೊಪ್ಪು ಎಷ್ಟು ಹಳೆಯದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಜಂಬ ಅನ್ನುವವರು ಅನ್ನಲಿ, ಜಂಬವೇ. ಅದಕ್ಕೆ ದಂಡ ತೆತ್ತದ್ದು ಮಾತ್ರ ನನ್ನ ಹಲ್ಲು. ಅವು ಹಳೆಯ ಬಾಗಿಲಿನ ಬಣ್ಣಕ್ಕೆ ತಿರುಗಿವೆ.

ಮಗಳು ಹಲ್ಲಿನ ಡಾಕ್ಟರು. ದೀಪದ ಬುಡದಲ್ಲೇ ಕತ್ತಲೆ ಎಂದು ನೆಂಟರು ಆಡಿಕೊಳ್ಳುತ್ತಾರೆ. ಹಾಗಾಗಿ ಅವಳ ಕಾಲೇಜಿನವರ ಎದುರು ನಾನು ತುಟಿ ಬಿಚ್ಚದೆ ನಗುತ್ತಿದ್ದೆ.

ಅವಳ ಎರಡು ವರ್ಷದ ಸಂಶೋಧನೆಯೇ ಚಹಾದ ಒಗರಿನ ಮೇಲೆ. ನಮ್ಮ ಎಂಜಲು ಹಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದಂತೆ. ಹುಳಿ ನೇರವಾಗಿ ಹಲ್ಲನ್ನು ತಿನ್ನದಂತೆ ಕಾಯುವುದು ಅದೇ. ಒಗರು ತಗುಲಿದರೆ ಆ ಪೊರೆ ಕಿತ್ತುಹೋಗುತ್ತದೋ ಗಟ್ಟಿಯಾಗುತ್ತದೋ ಎನ್ನುವುದು ಅವಳ ಪ್ರಶ್ನೆ. ಕಿತ್ತ ಹಲ್ಲಿನ ಚೂರುಗಳನ್ನು ಎಂಜಲಿನಲ್ಲಿ ನೆನೆಸಿ, ಆಮೇಲೆ ಚಹಾದಲ್ಲಿ ಅದ್ದಿ, ಪೊರೆಯ ದಪ್ಪ ಅಳೆಯುತ್ತಿದ್ದಳು.

ಒಂದು ಶುಕ್ರವಾರ ಮಧ್ಯಾಹ್ನ, ಅವಳು ಮನೆಯಲ್ಲಿ ಮರೆತ ಕನ್ನಡಕ ಕೊಡಲು ಹೋದೆ. ಲ್ಯಾಬಿನಲ್ಲಿ ಒಬ್ಬಳೇ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಸೋಮವಾರ ಅದ್ದಿದ ಹಲ್ಲಲ್ಲಿ ಪೊರೆ ದಪ್ಪ ಆಗುತ್ತೆ ಅಮ್ಮ. ಶುಕ್ರವಾರದ್ದರಲ್ಲಿ ಏನೂ ಆಗಲ್ಲ. ಪ್ರತಿ ವಾರ ಇದೇ ಕತೆ. ಮುಂದಿನ ತಿಂಗಳು ಪರೀಕ್ಷಕರ ಮುಂದೆ ನಿಲ್ಲಬೇಕು. ಇದನ್ನ ಕೈಬಿಟ್ಟು, ಪರೀಕ್ಷೆ ಮುಂದಕ್ಕೆ ಹಾಕಿ ಬೇರೆ ವಿಷಯ ತಗೋ ಅಂತಿದ್ದಾರೆ ಗೈಡ್ ಮೇಡಂ."

ಎರಡು ವರ್ಷದ ದುಡಿಮೆ ಕೈಬಿಡಬೇಕಂತೆ! ನನಗೆ ಸಿಟ್ಟು ನೆತ್ತಿಗೇರಿತು. ಮೇಜಿನ ಮೇಲೆ ಬಾಟಲಿಯಲ್ಲಿ ಚಹಾ ಇತ್ತು. ಚಹಾ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಮುಚ್ಚಳಕ್ಕೆ ಸುರಿದುಕೊಂಡು ಸೊರ್ರೆಂದು ಹೀರಿಯೇ ಬಿಟ್ಟೆ.

"ಅಮ್ಮಾ! ಲ್ಯಾಬಲ್ಲಿ ಏನನ್ನೂ ಬಾಯಿಗೆ ಹಾಕಬಾರದು!"

ಸಿಂಕಿಗೆ ಉಗುಳಿದೆ. "ಕೂಗಬೇಡ. ಇದಕ್ಕೆ ಒಗರೇ ಇಲ್ವಲ್ಲೇ. ಯಾವತ್ತು ಕಾಯಿಸಿದ್ದು?"

"ಸೋಮವಾರ. ವಾರ ಪೂರ್ತಿ ಒಂದೇ ಚಹಾ ಇರಲಿ ಅಂತ ಒಟ್ಟಿಗೇ ಮಾಡಿ ಫ್ರಿಜ್ಜಲ್ಲಿಡ್ತೀನಿ."

"ಗಟ್ಟಿ ಚಹಾ ತಣ್ಣಗಾದ್ರೆ ಮಬ್ಬಾಗುತ್ತೆ, ತಳದಲ್ಲಿ ಗಸಿ ಕೂರುತ್ತೆ. ಅದನ್ನೇನು ಮಾಡಿದೆ?"

"ದಿನಾ ಸೋಸಿ ಚೆಲ್ತೀನಿ. ಪೊರೆ ಅಳೆಯೋ ಯಂತ್ರಕ್ಕೆ ತಿಳಿ ಚಹಾನೇ ಬೇಕಲ್ಲ."

"ಆ ಗಸಿಗೇ ಕಣೇ ಒಗರು ಇಳಿಯೋದು! ಒಗರಿನ ಮೇಲೆ ಸಂಶೋಧನೆ ಅಂತ ಹೇಳಿ ಒಗರನ್ನೇ ಮೋರಿಗೆ ಸುರಿದಿದ್ದೀಯ."

ಅವಳು ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು, ಎದ್ದು ನೀರು ಕಾಯಲಿಟ್ಟಳು.

ಅಂದಿನಿಂದ ಮೂರು ವಾರ ದಿನವೂ ಹೊಸ ಚಹಾ. ಅದ್ದುವ ಮೊದಲು ನನಗೊಂದು ಬಟ್ಟಲು. ನಿಯಮ ನಿಯಮವೇ ಎಂದು ಲ್ಯಾಬಿನ ಹೊರಗೆ, ಕಾರಿಡಾರಿನ ಬೆಂಚಿನ ಮೇಲೆ. ನಾನು ತಲೆಯಾಡಿಸಿದರೆ ಮಾತ್ರ ಹಲ್ಲು ಚಹಾಕ್ಕಿಳಿಯುತ್ತಿತ್ತು. ಶುಕ್ರವಾರದ ಹಲ್ಲು ಸೋಮವಾರದ ಹಲ್ಲಿಗೆ ಸರಿಯಾಗಿ ಹೊಂದಿತು. ಒಗರು ಪೊರೆಯನ್ನು ಕೀಳುವುದಿಲ್ಲ, ಅದಕ್ಕೆ ಅಂಟಿ ದಪ್ಪ ಮಾಡುತ್ತದೆ. ಹುಳಿ ಒಳಗಿಳಿಯುವುದು ತಡವಾಗುತ್ತದೆ. ಕಂದು ಬಣ್ಣ ನಿಲ್ಲುವುದೂ ಆ ಪೊರೆಯಲ್ಲೇ.

ಪರೀಕ್ಷೆಯ ದಿನ ನಾನು ಹಿಂದಿನ ಸಾಲಿನಲ್ಲಿ ತುಟಿ ಬಿಗಿದು ಕೂತಿದ್ದೆ. ಸಭೆಯ ತುಂಬ ಹಲ್ಲಿನ ಡಾಕ್ಟರುಗಳೇ. ಹಿರಿಯ ಪರೀಕ್ಷಕರು ಹಾಳೆ ತಿರುವಿ, "ಮೊದಲಿನ ಅಂಕಿ ಯಾಕೆ ಹಾಗೆ ಬಂತು? ತಪ್ಪು ಹೇಗೆ ಸಿಕ್ಕಿತು?" ಎಂದು ಕೇಳಿದರು.

ತಾನೇ ಕಂಡುಹಿಡಿದೆ ಎಂದು ಮಗಳು ಹೇಳಿದ್ದರೆ ಯಾರು ಕೇಳುತ್ತಿದ್ದರು?

"ತಪ್ಪು ಮಾಡಿದ್ದು ನಾನು ಸರ್, ಹಿಡಿದದ್ದು ನಮ್ಮಮ್ಮ. ಚಹಾ ರುಚಿ ನೋಡೋದು ಅವರ ಕೆಲಸ. ಯಂತ್ರಕ್ಕೆ ಗೊತ್ತಾಗದ್ದು ಅವರ ನಾಲಿಗೆಗೆ ಗೊತ್ತಾಯ್ತು. ಅಗೋ, ಹಿಂದೆ ಕೂತಿದ್ದಾರೆ."

ಎಲ್ಲರೂ ತಿರುಗಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣಕ್ಕೂ ಹೆತ್ತವಳ ಮೇಲೆ ಹೆಮ್ಮೆ ಇರುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ. ಎದ್ದು ನಿಂತೆ. ಅಷ್ಟೂ ಹಲ್ಲಿನ ಡಾಕ್ಟರುಗಳ ಎದುರು, ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕೆ.