ಎಡಕ್ಕೆ ಎಳೆಯುವ ನೀಲಿ ಜಾಯ್‌ಸ್ಟಿಕ್

ನಾನು ವಿಡಿಯೋ ಗೇಮ್ ಆಡುವ ಜಾಯ್‌ಸ್ಟಿಕ್. ನೀಲಿ ಬಣ್ಣ, ಮೈತುಂಬ ಗುಂಡಿ, ಹೆಬ್ಬೆರಳುಗಳಿಗೆಂದು ಎರಡು ಕಡ್ಡಿ. ಕರುಣೆಯ ಗುಂಡಿ ನನಗಿಲ್ಲ, ಹುಡುಕಬೇಡಿ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ನನ್ನ ಎಡಗಡ್ಡಿಯ ಬುಡಕ್ಕೆ ಕೂರಿಸಿದ ಚೂರು ವರ್ಷದೊಳಗೆ ಸವೆಯುತ್ತದೆಂದು ಕೂರಿಸಿದವಳಿಗೂ ಗೊತ್ತಿತ್ತು, ಕೂರಿಸು ಎಂದವನಿಗೂ ಗೊತ್ತಿತ್ತು. ಸವೆದರೆ ತಾನೇ ಜನ ಇನ್ನೊಂದು ಕೊಳ್ಳುವುದು! ಹೀಗೆ ಕೆಡುವುದಕ್ಕೆಂದೇ ಹುಟ್ಟಿದ ನನ್ನನ್ನು ಚಂದದ ಡಬ್ಬಿಯಲ್ಲಿ ಮಲಗಿಸಿ ಗದಗಕ್ಕೆ ಕಳಿಸಿದರು.

ಅಲ್ಲಿ ನನ್ನನ್ನು ಕೊಂಡವನು ಪ್ರಭುಲಿಂಗ. ಹಗಲು ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದ ಬ್ಯಾನರ್‌ಗಳಿಗೆ ಮುಖ ಜೋಡಿಸುವ ಕೆಲಸ. ಸಂಜೆಯಾದರೆ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಯೂಟ್ಯೂಬಿನಲ್ಲಿ ಗೇಮ್ ಕಂಪನಿಗಳ ಜನ್ಮ ಜಾಲಾಡುತ್ತಿದ್ದ. ಅರೆಬೆಂದ ಆಟ ಮಾರಿ, ನಾವು ತಿನ್ನಲು ಕೂತ ಮೇಲೆ ಬೇಯಿಸುತ್ತಾರೆ ಎನ್ನುತ್ತಿದ್ದ. ಒಂದೇ ಮನೆಯಲ್ಲಿ ಇಬ್ಬರು ಪಕ್ಕಪಕ್ಕ ಕೂತು ಆಡುವ ಆಟಗಳನ್ನೇ ನಿಲ್ಲಿಸುತ್ತಿದ್ದಾರೆ, ಇಬ್ಬರೂ ಬೇರೆ ಬೇರೆ ಕೊಳ್ಳಲಿ ಎಂಬ ದುರಾಸೆ ಎನ್ನುತ್ತಿದ್ದ. ಹೆಚ್ಚು ದುಡ್ಡು ಕೊಟ್ಟವರಿಗೆ ಹೆಚ್ಚು ಓಡುವ ಕಾರು ಕೊಡುವ ಆಟಗಳನ್ನು ಕಂಡರಂತೂ ಮೈಯೆಲ್ಲ ಉರಿ. ಓಟಕ್ಕೆ ಮೊದಲೇ ಒಬ್ಬನ ಕಾಲು ಮುರಿದು ಈಗ ಓಡು ಅಂದರೆ ಅದೊಂದು ಆಟವೇ ಎಂದು ಕ್ಯಾಮೆರಾಕ್ಕೆ ಬೆರಳು ತೋರಿಸಿ ಕೇಳುತ್ತಿದ್ದ. ಹೇಳುತ್ತಿದ್ದದ್ದೆಲ್ಲ ನಿಜವೇ, ನಾನೂ ಒಪ್ಪುತ್ತೇನೆ.

ಪಕ್ಕದಲ್ಲಿ ಅವನ ತಂಗಿ ದಾನೇಶ್ವರಿ ಕಪ್ಪು ಜಾಯ್‌ಸ್ಟಿಕ್ ಹಿಡಿದು ಕೂರುತ್ತಿದ್ದಳು. ಆಗ ಅವಳು ಪಿಯುಸಿ. ಕಾರಿನ ರೇಸು ಅವಳಿಗೆ ಎಷ್ಟು ಬೇಗ ಕೈಗೆ ಹತ್ತಿತೆಂದರೆ, ಒಂದು ಭಾನುವಾರ ಅಣ್ಣನನ್ನು ಅವನ ಗೆಳೆಯರ ಮುಂದೆಯೇ ಮೂರು ಸಲ ಸೋಲಿಸಿದಳು. ಗೆಳೆಯರು ಅವನನ್ನು ಆಡಿಕೊಂಡು ಆಡಿಕೊಂಡು ನಕ್ಕರು. ಆ ವಾರವೇ ನನ್ನ ಎಡಗಡ್ಡಿ ಸವೆದು, ಯಾರೂ ಮುಟ್ಟದಿದ್ದರೂ ಕಾರನ್ನು ಮೆಲ್ಲಗೆ ಎಡಕ್ಕೆ ಎಳೆಯತೊಡಗಿದ್ದೆ. ಪ್ರಭು ಅದನ್ನು ಎರಡೇ ತಿರುವಿನಲ್ಲಿ ಕಂಡುಕೊಂಡ. ಬೈಯಲಿಲ್ಲ, ವಿಡಿಯೋ ಮಾಡಲಿಲ್ಲ. ಅಂಗಿಯ ತುದಿಯಿಂದ ನನ್ನನ್ನು ಒರೆಸಿ ಪಕ್ಕಕ್ಕೆ ಚಾಚಿದ.

“ನೀ ನನಗಿಂತ ಛಲೋ ಆಡ್ತಿ. ಇನ್ಮ್ಯಾಲೆ ನೀಲಿದು ನಿಂದ, ತಗೋ.”

ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ಅಣ್ಣ ತನ್ನ ಮೆಚ್ಚಿನದನ್ನೇ ಕೊಟ್ಟನೆಂದು ಅಡುಗೆಮನೆಗೆ ಓಡಿ ಅವ್ವನಿಗೆ ತೋರಿಸಿ ಬಂದಳು. ನನಗೆ ನಗು ತಡೆಯಲಾಗಲಿಲ್ಲ. ಕಪ್ಪು ಆವತ್ತೇ ಪ್ರಭುವಿನ ಕೈ ಸೇರಿತು.

ಎರಡು ಜಾಯ್‌ಸ್ಟಿಕ್ ಇರುವ ಮನೆಗಳಲ್ಲಿ ಇದೊಂದು ರೂಢಿ, ಕೆಟ್ಟದ್ದನ್ನು ಎದುರಾಳಿಗೆ ದಾಟಿಸುವುದು. ಬಂದ ಗೆಳೆಯನಿಗೆ ಅರ್ಧ ಗಂಟೆ ಕೊಟ್ಟರೆ ಅದು ತಮಾಷೆ. ಪ್ರಭು ತಂಗಿಗೆ ಎರಡು ವರ್ಷ ಕೊಟ್ಟ. ಅವಳು ಕಪ್ಪನ್ನು ಮುಟ್ಟಹೋದರೆ, ಅದು ತನ್ನ ಕೈಗೆ ಹೊಂದಿಕೊಂಡಿದೆ, ಬೇರೆಯವರು ಹಿಡಿದರೆ ಕೆಡುತ್ತದೆ ಎನ್ನುತ್ತಿದ್ದ. ಅವಳು ಸೋತಳು, ಮತ್ತೆ ಸೋತಳು, ಪ್ರತಿಸಲ ತನ್ನನ್ನೇ ಬೈದುಕೊಂಡಳು. ಆದರೆ ಬಲು ಹಟಮಾರಿ. ಈ ಆಟದ ಕಾರಿನ ಗುಣವೇ ಹೀಗೆಂದುಕೊಂಡು, ಹೆಬ್ಬೆರಳನ್ನು ಸದಾ ಕೊಂಚ ಬಲಕ್ಕೆ ಒತ್ತಿ ಹಿಡಿಯಲು ಕಲಿತಳು. ಬೆರಳಿನ ಬದಿ ದಡ್ಡುಗಟ್ಟಿತು. ಕೊನೆಗೆ ನನ್ನಂಥ ಕುಂಟನನ್ನು ಹಿಡಿದೇ ಅಣ್ಣನ ಸಮಕ್ಕೆ ಬಂದಳು.

ಅಷ್ಟರಲ್ಲಿ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಅದೇ ರೇಸಿಗೆ ಆಯ್ಕೆ ಕರೆದರು. ಗೆದ್ದವರು ರಾಜ್ಯದ ತಂಡಕ್ಕೆ. ದಾನೇಶ್ವರಿ ಹೆಸರು ಕೊಟ್ಟು ಬಂದಳು. ಅವಳ ಅಪ್ಪ ಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಊಟಕ್ಕೆ ಕೂರುವಾಗ ಒಂದೇ ಮಾತು ಹೇಳಿದರು.

“ಆರಿಸಿ ಬಂದ್ರ ಆಡು. ಇಲ್ಲಂದ್ರ ಆ ಆಟದ ಡಬ್ಬಿ ಮತ್ತ ಮುಟ್ಟಬ್ಯಾಡ.”

ಅಪ್ಪನ ಮಾತು ಆ ಮನೆಯಲ್ಲಿ ಎರಡು ಸಲ ಹೇಳುವಂಥದ್ದಲ್ಲ. ಪ್ರಭು ಅಲ್ಲೇ ಉಣ್ಣುತ್ತಿದ್ದ. ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ನನ್ನನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಅವಳು ಹುಬ್ಬಳ್ಳಿಗೆ ಹೋದಳು. ಅಲ್ಲಿ ಸ್ವಂತದ್ದು ನಡೆಯುವುದಿಲ್ಲ ಎಂದರು. ಯಾರಿಗೂ ಅನ್ಯಾಯವಾಗಬಾರದೆಂದು ಎಲ್ಲರಿಗೂ ಒಂದೇ ತರದ ಹೊಸ ಜಾಯ್‌ಸ್ಟಿಕ್ ಇಟ್ಟಿದ್ದರು. ನಾನು ಚೀಲದ ಬಾಯಿಂದ ನೋಡುತ್ತಿದ್ದೆ. ನೆಟ್ಟಗಿದ್ದ ಕಡ್ಡಿಯನ್ನು ಅವಳ ಬೆರಳು ರೂಢಿಯಂತೆ ಬಲಕ್ಕೆ ಒತ್ತಿತು. ಕಾರು ಮೊದಲ ತಿರುವಿನಲ್ಲೇ ಬಲಗಡೆಯ ಗೋಡೆಗೆ ಬಡಿಯಿತು. ಎರಡನೆಯದರಲ್ಲೂ ಬಡಿಯಿತು, ಮೂರನೆಯದರಲ್ಲೂ. ಹಿಂದೆ ಯಾರೋ ಕಿಸಕ್ಕೆಂದರು. ಹದಿನಾರು ಜನರಲ್ಲಿ ಅವಳು ಹದಿನಾರನೆಯವಳು. ಬಸ್ಸು ಅಣ್ಣಿಗೇರಿ ದಾಟುವವರೆಗೂ ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದಳು.

ಮನೆಗೆ ಬಂದಾಗ ಪ್ರಭು ಅಂಗಡಿಯಲ್ಲಿದ್ದ. ಅವಳು ಮೊದಲು ನನ್ನನ್ನು ಹಿಡಿದು ಆಡಿದಳು, ಕಾರು ನೆಟ್ಟಗೆ ಓಡಿತು. ಆಮೇಲೆ ಕಪ್ಪನ್ನು ಹಿಡಿದಳು, ಕಾರು ಬಲಗೋಡೆಗೆ ಹೋಯಿತು. ನನ್ನನ್ನು ಟೀಪಾಯಿಯ ಮೇಲಿಟ್ಟು ಕೈ ತೆಗೆದಳು. ಟಿವಿಯಲ್ಲಿ ನಿಂತ ಕಾರಿನ ಚಕ್ರ ತಾನಾಗಿಯೇ ಎಡಕ್ಕೆ ತಿರುಗಿತು. ಅದನ್ನು ನೋಡಿ ಅವಳು ಅಳಲೂ ಇಲ್ಲ.

ಸಂಜೆ ಪ್ರಭು ಲೈವ್ ಬಂದಿದ್ದ. ಗೆಲುವನ್ನು ಮಾರುವ ಕಂಪನಿಗಳ ಬಗ್ಗೆ ಕಿಡಿಕಾರುತ್ತ, ಕಾಲು ಮುರಿಯುವ ಆ ಮಾತಿನವರೆಗೆ ಬಂದಿದ್ದ. ದಾನೇಶ್ವರಿ ಬಂದು ನನ್ನನ್ನು ಕ್ಯಾಮೆರಾದ ಮುಂದಿಟ್ಟು ಕೈ ತೆಗೆದಳು. ಹಿಂದಿನ ಟಿವಿಯಲ್ಲಿ ಚಕ್ರ ಎಡಕ್ಕೆ ತಿರುಗಿದ್ದು ನೋಡುತ್ತಿದ್ದವರಿಗೆಲ್ಲ ಕಂಡಿತು.

“ಎರಡ ವರ್ಷ ಇದನ್ನ ನನ್ನ ಕೈಯಾಗ ಕೊಟ್ಟಿ, ಅಣ್ಣಾ. ಆ ಕಂಪನ್ಯಾವ್ರು ನನಗೇನೂ ಮಾಡಿಲ್ಲ.”

ಅವನ ಬಾಯಿ ಕಟ್ಟಿತು ಎಂದುಕೊಂಡಿರಾ? ಅದೆಲ್ಲಿಯ ಮಾತು! ನನ್ನನ್ನು ಎತ್ತಿ ಹಿಡಿದು, ಇಂಥ ಕಳಪೆ ಮಾಲು ಮಾರಿ ನನ್ನ ತಂಗಿಯ ಕನಸಿಗೆ ಕಲ್ಲು ಹಾಕಿದರು ಎಂದು ಕಂಪನಿಯನ್ನು ಬೈಯತೊಡಗಿದ. ಕಣ್ಣಲ್ಲಿ ನೀರೂ ಬಂತು. ಮರುದಿನ ಅವಳ ಮಾತನ್ನು ಕತ್ತರಿಸಿ ಆ ವಿಡಿಯೋವನ್ನು ಮತ್ತೆ ಹಾಕಿದ. ಅವನು ಮಾಡಿದ್ದರಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ದಾನೇಶ್ವರಿ ಆ ಸಂಜೆ ಒಳಗೆ ಹೋಗಿ, ಆರಿಸಲಿಲ್ಲ ಎಂದಷ್ಟೇ ಅಪ್ಪನಿಗೆ ಹೇಳಿದಳು. ಅಂದಿನಿಂದ ಆ ಡಬ್ಬಿಯ ಹತ್ತಿರ ಸುಳಿದಿಲ್ಲ.

ಪ್ರಭು ನನ್ನನ್ನು ಮುಳಗುಂದ ನಾಕಾದ ರಿಪೇರಿ ಅಂಗಡಿಗೆ ಒಯ್ದ. ಅಲ್ಲಿಯ ಮೌಲಾಸಾಬ್, ಕಡ್ಡಿಯ ಬುಡದ ಚೂರು ಬದಲಿಸಿದರೆ ಹೊಸದರಂತಾಗುತ್ತದೆ, ಅರ್ಧ ಗಂಟೆಯ ಕೆಲಸ ಎಂದರು. ಎರಡು ವರ್ಷದ ಹಿಂದೆಯೂ ಅದು ಅರ್ಧ ಗಂಟೆಯ ಕೆಲಸವೇ ಆಗಿತ್ತು. ಪ್ರಭು ಬೇಡವೆಂದು, ನನ್ನ ನಾಲ್ಕು ಗುಂಡಿ ಕೀಳಿಸಿ ತನ್ನ ಕಪ್ಪಿಗೆ ಹಾಕಿಸಿಕೊಂಡ. ಮಿಕ್ಕ ಮೈ ಮೌಲಾಸಾಬರ ತಗಡಿನ ಡಬ್ಬದಲ್ಲಿ ಬಿದ್ದಿದೆ. ಹೀಗಾಗಿ ನಾನು ಈಗಲೂ ಅವನ ಕೈಯಲ್ಲೇ ಇದ್ದೇನೆ, ಎಲ್ಲ ನೋಡುತ್ತಿದ್ದೇನೆ.

ನಿನ್ನೆ ಅವನ ಕಾರು ಎಡಕ್ಕೆ ಎಳೆಯಿತು. ಕಪ್ಪೂ ನಾನು ಹುಟ್ಟಿದ ಕಾರ್ಖಾನೆಯದೇ, ತಡವಾದರೂ ಅದರ ಕಡ್ಡಿಗೂ ಕಾಲ ಬಂತು. ಎರಡೇ ತಿರುವಿನಲ್ಲಿ ಅವನಿಗೆ ಗೊತ್ತಾಯಿತು. ಅಂಗಿಯ ತುದಿಯಿಂದ ಒರೆಸಿ, ರೂಢಿಯಂತೆ ಪಕ್ಕಕ್ಕೆ ಚಾಚಿದ. ತೆಗೆದುಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.